ಹಳೆಯ ಗಣಕಕ್ಕೆ ಹೊಸ ವ್ಯವಸ್ಥೆ: ಲಿನಕ್ಸ್‌ಗೆ ಒಗ್ಗುವ ಯಂತ್ರಾಂಶದ ಆಯ್ಕೆ ಹೇಗೆ?

ದಾಂಡೇಲಿಯಿಂದ ಅಂಬಿಕಾನಗರದ ಕಡೆಗೆ ಹೋಗುವ ಕಾಡಿನ ರಸ್ತೆಯಲ್ಲಿ ಹತ್ತು-ಹನ್ನೆರಡು ಕಿಲೋಮೀಟರು ಸಾಗಿದರೆ ಕುಳಗಿ ಸಿಗುತ್ತದೆ. ಅರಣ್ಯ ಇಲಾಖೆಯ ಪ್ರಕೃತಿ ಶಿಬಿರದ ಕಾರಣದಿಂದ ನಾಡಿನ ಅನೇಕ ನಗರಗಳ ವಿದ್ಯಾರ್ಥಿಗಳಿಗೆ ಇದು ಪರಿಚಿತ ಸ್ಥಳ. ಸುತ್ತಲೂ 2007ರಲ್ಲಿ ಘೋಷಣೆಯಾಗಿ 2015ರಲ್ಲಿ ಕಾಳಿ ಎಂಬ ಹೆಸರು ಪಡೆದ ಹುಲಿ ಸಂರಕ್ಷಿತ ಪ್ರದೇಶ. ಪಕ್ಕದಲ್ಲೇ ಕಾಳಿ ಜಲವಿದ್ಯುತ್ ಯೋಜನೆಯ ವಸಾಹತು. ನಾಡಿಗೆಲ್ಲ ವಿದ್ಯುತ್ ಕೊಡುವ ಈ ಸೀಮೆಯಲ್ಲಿ ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬಿದ್ದರೆ ದೀಪ ಯಾವಾಗ ಬರುತ್ತದೆಂದು ಹೇಳಬಲ್ಲವರಿಲ್ಲ. ಜೊಯಿಡಾ ತಾಲ್ಲೂಕಿನ ಒಳಭಾಗದ ಹಳ್ಳಿಗಳಲ್ಲಿ ದೂರವಾಣಿ ಸಂಪರ್ಕವೂ ದುರ್ಬಲ. ಇಂಥ ಕಡೆ ಒಂದು ಗಣಕಯಂತ್ರವನ್ನು ವರ್ಷಗಟ್ಟಲೆ ನಡೆಸುವುದು ಬೆಂಗಳೂರಿನ ಹವಾನಿಯಂತ್ರಿತ ಕೊಠಡಿಯಲ್ಲಿ ನಡೆಸಿದಷ್ಟು ಸುಲಭವಲ್ಲ. ಗಣಕಕ್ಕೆ ಯಾವ ಕಾರ್ಯಾಚರಣಾ ವ್ಯವಸ್ಥೆ ಹಾಕಬೇಕು, ಅದಕ್ಕೆ ಯಾವ ಯಂತ್ರಾಂಶ ಒಗ್ಗುತ್ತದೆ ಎಂಬ ಪ್ರಶ್ನೆಯನ್ನು ಇಂಥ ಊರನ್ನು ಮನಸ್ಸಿನಲ್ಲಿಟ್ಟುಕೊಂಡು ಕೇಳಿದರೆ ಉತ್ತರ ಹೆಚ್ಚು ಖಚಿತವಾಗುತ್ತದೆ. ಕುಳಗಿಯಲ್ಲಿ ನಡೆದದ್ದು ಬೆಂಗಳೂರಿನಲ್ಲಿ ನಡೆಯದೇ ಇರದು.

ಪ್ರಶ್ನೆ ಈಗ ತುರ್ತಿನದಾಗಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವೈಯಕ್ತಿಕ ಬಳಕೆದಾರರಿಗೆ ಕೊಟ್ಟ ಭದ್ರತಾ ವಿಸ್ತರಣೆಯ ಗಡುವು 2026ರ ಅಕ್ಟೋಬರ್ 13. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನು ಕೇಳುತ್ತದೆ. ಇಂಟೆಲ್ ಸಂಸ್ಕಾರಕವಾದರೆ ಬಹುಮಟ್ಟಿಗೆ ಎಂಟನೆಯ ಪೀಳಿಗೆಯದಾಗಿರಬೇಕು, ಅಂದರೆ 2017ರ ನಂತರದ್ದು. ಅದಕ್ಕಿಂತ ಹಳೆಯದಾದ, ಆದರೆ ಒಂದು ಚೂರೂ ಕೆಡದ ಗಣಕಗಳು ಶಾಲೆಗಳಲ್ಲಿ, ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ, ಸಹಕಾರ ಸಂಘಗಳಲ್ಲಿ, ಮನೆಗಳ ಮೂಲೆಗಳಲ್ಲಿ ಕುಳಿತಿವೆ. ಅವುಗಳ ಮುಂದೆ ಮೂರು ದಾರಿ: ಗುಜರಿ ಸೇರುವುದು, ಭದ್ರತಾ ತೇಪೆಗಳಿಲ್ಲದೆ ಅಪಾಯದಲ್ಲಿ ಓಡುವುದು, ಇಲ್ಲವೇ ಲಿನಕ್ಸ್ ಹಾಕಿಸಿಕೊಂಡು ಇನ್ನೂ ಐದಾರು ವರ್ಷ ದುಡಿಯುವುದು. ಮೂರನೆಯ ದಾರಿಯನ್ನು ಪ್ರಚಾರ ಮಾಡಲೆಂದೇ ಕೆಡಿಇ ಮತ್ತಿತರ ಮುಕ್ತ ತಂತ್ರಾಂಶ ಬಳಗಗಳು 2025ರಲ್ಲಿ 'ಎಂಡ್ ಆಫ್ 10' ಎಂಬ ಆಂದೋಲನ ಆರಂಭಿಸಿದವು.

ಹೆಸರಿನ ಗೊಂದಲ ನಮಗಿಲ್ಲ

ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಗ್ನು ಯೋಜನೆಯನ್ನು ಪ್ರಕಟಿಸಿದರು. ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ತಿರುಳನ್ನು ಬರೆದರು. ಎರಡೂ ಸೇರಿ ಆದ ವ್ಯವಸ್ಥೆಯನ್ನು ಯಾರು ಬೇಕಾದರೂ ಬಳಸಬಹುದು, ಒಳಗನ್ನು ತೆರೆದು ನೋಡಬಹುದು, ತಿದ್ದಬಹುದು, ಹಂಚಬಹುದು. ಇಂಗ್ಲಿಷಿನವರು 'ಫ್ರೀ' ಎಂಬ ಒಂದೇ ಪದದಿಂದ ಸ್ವಾತಂತ್ರ್ಯವನ್ನೂ ಬಿಟ್ಟಿಯನ್ನೂ ಸೂಚಿಸಲು ಹೋಗಿ ದಶಕಗಳಿಂದ ವಿವರಣೆ ಕೊಡುತ್ತಲೇ ಇದ್ದಾರೆ. ಕನ್ನಡದಲ್ಲಿ 'ಮುಕ್ತ' ಬೇರೆ, 'ಉಚಿತ' ಬೇರೆ. ಆದರೂ ನಮ್ಮಲ್ಲಿ ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆಯಿಲ್ಲವೆಂಬ ಭಾವನೆ ಗಟ್ಟಿಯಾಗಿರುವುದರಿಂದ ಲಿನಕ್ಸ್ ಪ್ರಚಾರಕರು ಹಣದ ಉಳಿತಾಯದಿಂದಲೇ ಮಾತು ಆರಂಭಿಸುವುದು ಜಾಣತನವಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಅಂಗಡಿಯಾತ ಪರವಾನಗಿಯಿಲ್ಲದ ವಿಂಡೋಸನ್ನು ಇನ್ನೂರು-ಮುನ್ನೂರು ರೂಪಾಯಿಗೆ ಹಾಕಿಕೊಡುವ ಊರಿನಲ್ಲಿ 'ಇದು ಉಚಿತ' ಎಂದರೆ ಯಾರ ಕಿವಿಯೂ ನಿಮಿರುವುದಿಲ್ಲ.

ಕರ್ನಾಟಕಕ್ಕೆ ಲಿನಕ್ಸ್ ಹೊಸದೇನೂ ಅಲ್ಲ. 1990ರ ದಶಕದ ಮಧ್ಯಭಾಗದಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ತನ್ನ ಸಂಚಿಕೆಯೊಡನೆ ಲಿನಕ್ಸ್ ಸಿ.ಡಿ. ಹಂಚಿದಾಗ ಅದರ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ಇದ್ದರು. 2001ರಲ್ಲಿ ಆರಂಭವಾದ 'ಲಿನಕ್ಸ್ ಬೆಂಗಳೂರು' ಸಮಾವೇಶ 2005ರಿಂದ 'ಫಾಸ್ ಡಾಟ್ ಇನ್' ಎಂಬ ಹೆಸರಿನಲ್ಲಿ ಕೆಲವು ವರ್ಷ ನಡೆಯಿತು.

ಸಿಂಪ್ಯೂಟರ್ ಹೇಳುವ ಕಥೆ

ಯಂತ್ರಾಂಶದ ವಿಷಯಕ್ಕೆ ಬಂದರೆ ಸಿಂಪ್ಯೂಟರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. ಲಿನಕ್ಸ್‌ಗೆಂದೇ ಯಂತ್ರವೊಂದನ್ನು ರೂಪಿಸುವ ಪ್ರಯತ್ನ ನಮ್ಮ ರಾಜ್ಯದಲ್ಲೇ ನಡೆದಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅವರೂ ಎನ್‌ಕೋರ್ ಸಂಸ್ಥೆಯವರೂ ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಮಾದರಿ ಯಂತ್ರ ಬಿಡುಗಡೆಯಾಯಿತು. ಅಂಗೈಯಲ್ಲಿ ಹಿಡಿಯುವ ಗಾತ್ರ, ಬೆರಳಚ್ಚು ಮಣೆ ಇಲ್ಲ, ಸ್ಪರ್ಶಪರದೆ, ಅಕ್ಷರ ಬಾರದವರಿಗಾಗಿ ಬರಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ಸೌಲಭ್ಯ, ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಲೆಂದು ಸ್ಮಾರ್ಟ್ ಕಾರ್ಡ್. ತಂತ್ರಾಂಶವಷ್ಟೇ ಅಲ್ಲ, ಯಂತ್ರದ ವಿನ್ಯಾಸವನ್ನೂ ಪ್ರತ್ಯೇಕ ಸಾರ್ವಜನಿಕ ಪರವಾನಗಿಯೊಂದರಡಿ ತೆರೆದಿಟ್ಟದ್ದು ಅದರ ಹೆಚ್ಚುಗಾರಿಕೆ. 2004ರ ಮಾರ್ಚಿನಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದೊಡನೆ 'ಅಮಿದ' ಹೆಸರಿನ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ಆರಂಭಿಕ ಮಾದರಿಯ ಬೆಲೆ ಸುಮಾರು 10 ಸಾವಿರ ರೂಪಾಯಿ.

ಅದು ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. ಕಾರಣಗಳು ಹಲವು: ಅಷ್ಟೇ ಹಣಕ್ಕೆ ಸ್ವಲ್ಪ ಸೇರಿಸಿದರೆ ಹಳೆಯ ಮೇಜುಗಣಕ ಸಿಗುತ್ತಿತ್ತು, ದುರಸ್ತಿಗೆ ಊರಿನಲ್ಲಿ ಆಳಿರಲಿಲ್ಲ, ಅದರಲ್ಲಿ ಓಡುವ ಬಳಕೆಯ ತಂತ್ರಾಂಶಗಳು ಕಡಿಮೆ. ಯಂತ್ರ ಕೆಟ್ಟದ್ದಾಗಿರಲಿಲ್ಲ. ಸಿಂಪ್ಯೂಟರಿನ ನಾಲ್ಕು ವರ್ಷದ ನಂತರ 2008ರಲ್ಲಿ ಲಿನಕ್ಸ್ ತಿರುಳಿನ ಮೇಲೆ ಕಟ್ಟಿದ ಆಂಡ್ರಾಯ್ಡ್ ದೂರವಾಣಿ ಜಗತ್ತಿಗೆ ಬಂದಿತು. ಇಂದು ಕುಳಗಿಯ ಚಹಾ ಅಂಗಡಿಯಲ್ಲೂ ಅದೇ ತಿರುಳು ಕಿಸೆಯಲ್ಲಿದೆ. ಲಿನಕ್ಸ್ ಕಷ್ಟವೆನ್ನುವವರಿಗೆ ಇದನ್ನು ನೆನಪಿಸುವುದುಂಟು.

ಯಂತ್ರಾಂಶ: ಏನನ್ನು ನೋಡಬೇಕು?

ಲಿನಕ್ಸ್‌ನಲ್ಲಿ ತೊಂದರೆ ಕೊಡುವುದು ಬಹುತೇಕ ಸಂದರ್ಭಗಳಲ್ಲಿ ಸಂಸ್ಕಾರಕವಲ್ಲ, ನೆನಪುಕೋಶವಲ್ಲ; ಅದಕ್ಕೆ ಅಂಟಿಕೊಂಡ ಸಣ್ಣ ಪುಟ್ಟ ಸಾಧನಗಳು. ಪ್ರತಿಯೊಂದು ಸಾಧನಕ್ಕೂ ಚಾಲಕ ತಂತ್ರಾಂಶ ಬೇಕು. ತಯಾರಕರು ಅದನ್ನು ಮುಕ್ತವಾಗಿ ಕೊಟ್ಟಿದ್ದರೆ, ಅಥವಾ ಸಾಧನದ ವಿವರ ಪ್ರಕಟಿಸಿದ್ದರೆ, ಚಾಲಕವು ಲಿನಕ್ಸ್ ತಿರುಳಿನೊಳಗೇ ಸೇರಿರುತ್ತದೆ. ಬಳಕೆದಾರ ಏನನ್ನೂ ಹುಡುಕಬೇಕಿಲ್ಲ. ಇಲ್ಲದಿದ್ದರೆ ಪರದಾಟ. 2000ದ ದಶಕದಲ್ಲಿ ದೂರವಾಣಿ ತಂತಿಯ ಮೂಲಕ ಅಂತರಜಾಲ ಹೊಕ್ಕವರಿಗೆ 'ವಿನ್‌ಮೋಡೆಮ್' ಎಂಬ ಪಿಡುಗಿನ ನೆನಪಿರಬಹುದು. ಅರ್ಧ ಕೆಲಸವನ್ನು ವಿಂಡೋಸಿನ ತಂತ್ರಾಂಶಕ್ಕೆ ಬಿಟ್ಟುಬಿಟ್ಟ ಆ ಅಗ್ಗದ ಮೋಡೆಮ್ ಲಿನಕ್ಸ್‌ನಲ್ಲಿ ಸತ್ತ ಹಲಗೆಯಂತೆ ಬಿದ್ದಿರುತ್ತಿತ್ತು. ಇಂದು ಮೋಡೆಮಿನ ಜಾಗಕ್ಕೆ ವೈಫೈ ಚಿಪ್ಪು ಬಂದಿದೆ.

ಇಂಟೆಲ್ ಮತ್ತು ಅಥೆರೋಸ್ ವೈಫೈ ಚಿಪ್ಪುಗಳು ಸಾಮಾನ್ಯವಾಗಿ ಹಾಕಿದೊಡನೆ ನಡೆಯುತ್ತವೆ. ಬ್ರಾಡ್‌ಕಾಂ ಚಿಪ್ಪುಗಳಲ್ಲಿ ಹಲವಕ್ಕೆ ಪ್ರತ್ಯೇಕ ಚಾಲಕ ಇಳಿಸಿಕೊಳ್ಳಬೇಕಾಗುತ್ತದೆ. ಯುಎಸ್‌ಬಿಗೆ ಸಿಕ್ಕಿಸುವ ಅಗ್ಗದ ವೈಫೈ ಕಡ್ಡಿಗಳ ವಿಷಯದಲ್ಲಿ ಒಂದೇ ಹೆಸರಿನ ಡಬ್ಬಿಯೊಳಗೆ ಬೇರೆ ಬೇರೆ ಕಾಲಕ್ಕೆ ಬೇರೆ ಬೇರೆ ಚಿಪ್ಪು ಇರುವುದೂ ಉಂಟು. ಕಂಡು ಕೊಳ್ಳುವುದಕ್ಕಿಂತ ಹಾಕಿ ನೋಡಿ ಕೊಳ್ಳುವುದು ಮೇಲು. ಅಂತರಜಾಲವಿಲ್ಲದೆ ಚಾಲಕ ಇಳಿಯದು, ಚಾಲಕವಿಲ್ಲದೆ ಅಂತರಜಾಲ ಬಾರದು ಎಂಬ ಸಂಕಟಕ್ಕೆ ಸರಳ ಉಪಾಯವಿದೆ. ಆಂಡ್ರಾಯ್ಡ್ ದೂರವಾಣಿಯನ್ನು ತಂತಿಯಿಂದ ಗಣಕಕ್ಕೆ ಜೋಡಿಸಿ 'ಯುಎಸ್‌ಬಿ ಟೆದರಿಂಗ್' ಆರಿಸಿದರೆ ಲಿನಕ್ಸ್ ಅದನ್ನು ತಾನಾಗಿಯೇ ಜಾಲವೆಂದು ಗುರುತಿಸುತ್ತದೆ. ಈ ಒಂದು ಸಂಗತಿ ಗೊತ್ತಿಲ್ಲದೆ ಎಷ್ಟು ಅನುಸ್ಥಾಪನೆಗಳು ಅರ್ಧಕ್ಕೆ ನಿಂತಿವೆಯೋ!

ಚಿತ್ರ ಸಂಸ್ಕರಣೆಗೆ ಇಂಟೆಲ್ ಅಥವಾ ಎಎಂಡಿಯ ಒಳಗೂಡಿದ ವ್ಯವಸ್ಥೆಯೇ ಕಚೇರಿ, ಶಾಲೆಗಳಿಗೆ ಧಾರಾಳ ಸಾಕು. ಅವುಗಳ ಚಾಲಕಗಳು ಮುಕ್ತ. ಎನ್‌ವಿಡಿಯಾ 2022ರಲ್ಲಿ ತನ್ನ ಹೊಸ ಕಾರ್ಡುಗಳ ತಿರುಳು ಭಾಗದ ಚಾಲಕವನ್ನು ಮುಕ್ತಗೊಳಿಸಿತಾದರೂ ಹಳೆಯ ಕಾರ್ಡುಗಳಿಗೆ ಅದು ಅನ್ವಯಿಸದು. ಆಟ, ಚಲನಚಿತ್ರ ಸಂಕಲನ ಇಲ್ಲದವರಿಗೆ ಅದರ ಗೊಡವೆಯೇ ಬೇಡ. ಲ್ಯಾಪ್‌ಟಾಪಿನ ಬೆರಳಗುರುತು ಓದುಗವೂ ಅನೇಕ ಮಾದರಿಗಳಲ್ಲಿ ನಡೆಯದು.

ಹಳೆಯ ಗಣಕಕ್ಕೆ ಹಣ ಹಾಕುವುದಾದರೆ ಮೊದಲ ರೂಪಾಯಿ ಎಸ್‌ಎಸ್‌ಡಿಗೆ ಹೋಗಬೇಕು. ತಿರುಗುವ ಹಾರ್ಡ್ ಡಿಸ್ಕ್ ತೆಗೆದು 240 ಜಿ.ಬಿ.ಯ ಎಸ್‌ಎಸ್‌ಡಿ ಹಾಕಿದರೆ ಹತ್ತು ವರ್ಷದ ಯಂತ್ರಕ್ಕೂ ಹೊಸ ಪ್ರಾಣ ಬಂದಂತಾಗುತ್ತದೆ. ಎರಡನೆಯ ರೂಪಾಯಿ ನೆನಪುಕೋಶಕ್ಕೆ. ಲಿನಕ್ಸ್ ಮಿಂಟ್ ಕನಿಷ್ಠ 2 ಜಿ.ಬಿ. ಕೇಳಿ 4 ಜಿ.ಬಿ.ಯನ್ನು ಶಿಫಾರಸು ಮಾಡುತ್ತದೆ. ಇಂದಿನ ಜಾಲತಾಣಗಳ ಹಸಿವನ್ನು ನೋಡಿದರೆ 8 ಜಿ.ಬಿ. ಇದ್ದರೆ ನೆಮ್ಮದಿ. 4 ಜಿ.ಬಿ.ಗೆ ಮೇಲೇರದ ಯಂತ್ರಕ್ಕೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಮುಖಪುಟವಿರುವ ಹಗುರ ಆವೃತ್ತಿ ಆರಿಸಿಕೊಳ್ಳಬಹುದು. ತೀರಾ ಹಳೆಯ 32 ಬಿಟ್ ಸಂಸ್ಕಾರಕಗಳ ಕಾಲ ಮಾತ್ರ ಮುಗಿಯುತ್ತ ಬಂದಿದೆ. ಉಬುಂಟು 2017ರಲ್ಲೇ ಮೇಜುಗಣಕದ 32 ಬಿಟ್ ಅನುಸ್ಥಾಪಕವನ್ನು ನಿಲ್ಲಿಸಿತು, 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13 ಕೂಡ ಅದನ್ನು ಕೈಬಿಟ್ಟಿತು.

ಹೊಸದು ಕೊಳ್ಳುವ ಬದಲು ಕಂಪೆನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್ ಕೊಳ್ಳುವುದು ಲಿನಕ್ಸ್‌ನವರ ಹಳೆಯ ಜಾಣ್ಮೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಸಾಲಿನ ಯಂತ್ರಗಳು ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯಲ್ಲಿ, ಅಂದರೆ ಎಸ್.ಪಿ. ರೋಡಿನಲ್ಲಿ, ಗುಡ್ಡೆ ಬಿದ್ದಿರುತ್ತವೆ. ಇವುಗಳ ಬಿಡಿಭಾಗ ಸುಲಭವಾಗಿ ಸಿಗುತ್ತದೆ, ತಿರುಪು ಬಿಚ್ಚಿ ಬದಲಿಸಲೂ ಬರುತ್ತದೆ, ಲಿನಕ್ಸ್ ತಿರುಳು ಬರೆಯುವವರಲ್ಲಿ ಅನೇಕರು ಇಂಥವನ್ನೇ ಬಳಸುವುದರಿಂದ ಚಾಲಕಗಳೂ ಪಳಗಿರುತ್ತವೆ. ಇದಕ್ಕೆ ತದ್ವಿರುದ್ಧವಾಗಿ, ಮೊನ್ನೆ ಮೊನ್ನೆ ಮಾರುಕಟ್ಟೆಗೆ ಬಂದ ಯಂತ್ರಕ್ಕೆ ತಿರುಳಿನಲ್ಲಿ ಬೆಂಬಲ ಬರಲು ಕೆಲವು ತಿಂಗಳು ಹಿಡಿಯಬಹುದು. 32 ಜಿ.ಬಿ. ಸಂಗ್ರಹವನ್ನು ಬೆಸುಗೆ ಹಾಕಿ ಕೂರಿಸಿದ ಅಗ್ಗದ ಕಿರು ಲ್ಯಾಪ್‌ಟಾಪುಗಳಿಂದ ದೂರವಿರುವುದೇ ಒಳ್ಳೆಯದು.

ಮುದ್ರಕವು ಪ್ರತ್ಯೇಕ ಅಧ್ಯಾಯ. ಹೆಚ್.ಪಿ.ಯ ಬಹುಪಾಲು ಮುದ್ರಕಗಳಿಗೆ ಕಂಪೆನಿಯೇ ಮುಕ್ತ ಚಾಲಕ ಕೊಡುತ್ತದೆ. ಎಪ್ಸನ್ ಮಾದರಿಯ ಆಜ್ಞೆಗಳನ್ನು ಅರ್ಥಮಾಡಿಕೊಳ್ಳುವ ಡಾಟ್ ಮ್ಯಾಟ್ರಿಕ್ಸ್ ಮುದ್ರಕಗಳು ಸಲೀಸಾಗಿ ನಡೆಯುತ್ತವೆ. ನಮ್ಮ ಜೆರಾಕ್ಸ್ ಅಂಗಡಿಗಳಲ್ಲೂ ವಕೀಲರ ಕಚೇರಿಗಳಲ್ಲೂ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಮಾತ್ರ ತನ್ನದೇ ಆದ ಗುಪ್ತ ಭಾಷೆಯಲ್ಲಿ ಮಾತಾಡುವುದರಿಂದ ಪ್ರತ್ಯೇಕ ಚಾಲಕ ಬೇಡುತ್ತದೆ. ಅದನ್ನು ಕೂರಿಸಲು ತಾಳ್ಮೆ ಬೇಕು. ಹೊಸ ಮುದ್ರಕ ಕೊಳ್ಳುವವರು ಜಾಲಕ್ಕೆ ಜೋಡಿಸಬಲ್ಲ, 'ಏರ್‌ಪ್ರಿಂಟ್' ಎಂದು ಡಬ್ಬಿಯ ಮೇಲೆ ಬರೆದಿರುವ ಮಾದರಿಯನ್ನು ಆರಿಸಿದರೆ ಚಾಲಕದ ಚಿಂತೆಯೇ ಬಹುಮಟ್ಟಿಗೆ ತಪ್ಪುತ್ತದೆ.

ಮಳೆ, ಮಿಂಚು, ಹಲ್ಲಿ

ಕುಳಗಿಯಂಥ ಊರಿಗೆ ಮೇಜುಗಣಕಕ್ಕಿಂತ ಲ್ಯಾಪ್‌ಟಾಪ್ ಮೇಲು. ಬ್ಯಾಟರಿ ಅರ್ಧ ಗಂಟೆ ತಡೆದರೂ ಸಾಕು, ಕರೆಂಟು ಹೋದಾಗ ಕೆಲಸ ಉಳಿಸಿ ಯಂತ್ರವನ್ನು ಸರಿಯಾಗಿ ನಿಲ್ಲಿಸಬಹುದು. ಇದ್ದಕ್ಕಿದ್ದಂತೆ ನಿಂತರೆ ಎಂಬ ಭಯಕ್ಕೆ ಲಿನಕ್ಸ್‌ನ ಎಕ್ಸ್‌ಟಿ4 ಕಡತ ವ್ಯವಸ್ಥೆ ತಾನು ಮಾಡಲಿರುವ ಬದಲಾವಣೆಯನ್ನು ಮೊದಲು ದಿನಚರಿಯಲ್ಲಿ ಬರೆದುಕೊಳ್ಳುವುದರಿಂದ ತಕ್ಕಮಟ್ಟಿನ ರಕ್ಷಣೆಯಿದೆ. 2012ರಲ್ಲಿ ಬಂದ ರಾಸ್‌ಬೆರಿ ಪೈ ಎಂಬ ಅಂಗೈ ಅಗಲದ ಗಣಕ ಕಡಿಮೆ ವಿದ್ಯುತ್ತಿಗೆ ಹೆಸರಾದರೂ ಅದರ ಮೆಮೊರಿ ಕಾರ್ಡು ಪದೇ ಪದೇ ಕರೆಂಟು ಹೋಗುವ ಕಡೆ ಬೇಗ ಕೆಡುತ್ತದೆ; ಸಣ್ಣ ಬ್ಯಾಟರಿಯ ಆಸರೆಯಿಲ್ಲದೆ ಅದನ್ನು ಹಾಕಬಾರದು.

ಮಲೆನಾಡಿನ ತೇವದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿಟ್ಟ ಗಣಕ ಬಳಸಿದ ಗಣಕಕ್ಕಿಂತ ಬೇಗ ಹಾಳಾಗುತ್ತದೆ. ವಾರಕ್ಕೆ ಎರಡು ಬಾರಿಯಾದರೂ ಒಂದು ಗಂಟೆ ಚಾಲೂ ಮಾಡಿದರೆ ಒಳಗಿನ ಬಿಸಿಯೇ ತೇವ ಒಣಗಿಸುತ್ತದೆ. ಪರದೆ ಬೆಳಗದೆ ಬರೀ ಪೀಂ ಎನ್ನುವ ಯಂತ್ರದ ನೆನಪುಕೋಶದ ಪಟ್ಟಿಯನ್ನು ತೆಗೆದು ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಹಾಕಿದರೆ ಎಷ್ಟೋ ಸಲ ಯಂತ್ರ ಎದ್ದು ಕೂರುತ್ತದೆ. ಬೆಚ್ಚಗಿನ ಜಾಗ ಹುಡುಕಿ ಬರುವ ಹಲ್ಲಿ, ಇರುವೆಗಳಿಗೆ ಮೇಜುಗಣಕದ ವಿದ್ಯುತ್ ಪೆಟ್ಟಿಗೆ ಪ್ರಿಯವಾದ ಮನೆ. ಹಿಂಭಾಗದ ಖಾಲಿ ಕಿಂಡಿಗಳನ್ನು ಮುಚ್ಚಿಡಬೇಕು. ಮಿಂಚು ಬಂದಾಗ ವಿದ್ಯುತ್ ತಂತಿಯ ಜೊತೆಗೆ ಜಾಲದ ತಂತಿಯನ್ನೂ ಕಳಚಬೇಕೆಂಬುದನ್ನು ಅನೇಕರು ಮರೆಯುತ್ತಾರೆ.

ಇನ್ನೊಂದು ಸಣ್ಣ ಸಂಗತಿ. ಹಳೆಯ ಯಂತ್ರದ ಒಳಗಿನ ನಾಣ್ಯದ ಗಾತ್ರದ ಬ್ಯಾಟರಿ ಸತ್ತರೆ ಗಡಿಯಾರ ಹಿಂದಕ್ಕೆ ಓಡುತ್ತದೆ. ದಿನಾಂಕ ತಪ್ಪಾದರೆ ಸುರಕ್ಷಿತ ಜಾಲತಾಣಗಳು ತೆರೆಯುವುದೇ ಇಲ್ಲ. ಹೊಸದಾಗಿ ಲಿನಕ್ಸ್ ಹಾಕಿಸಿಕೊಂಡವರು ಇದನ್ನು ಲಿನಕ್ಸ್‌ನ ದೋಷವೆಂದೇ ತಿಳಿದು ಬಯ್ಯುತ್ತಾರೆ. ಸಿಆರ್ 2032 ಎಂಬ ಆ ಬ್ಯಾಟರಿಯ ಬೆಲೆ ಒಂದು ಊಟಕ್ಕಿಂತ ಕಡಿಮೆ.

ಹಾಕುವ ಮುನ್ನ ನೋಡಿ

ಲಿನಕ್ಸ್‌ನ ದೊಡ್ಡ ಅನುಕೂಲವೆಂದರೆ ಅದನ್ನು ಗಣಕಕ್ಕೆ ಹಾಕದೆಯೇ ಪೆನ್ ಡ್ರೈವಿನಿಂದ ಓಡಿಸಿ ನೋಡಬಹುದು. 8 ಜಿ.ಬಿ.ಯ ಪೆನ್ ಡ್ರೈವಿಗೆ ಆವೃತ್ತಿಯನ್ನು ಬರೆದುಕೊಂಡು, ಅದರಿಂದ ಗಣಕವನ್ನು ಎಬ್ಬಿಸಿ ವೈಫೈ, ಧ್ವನಿ, ಕ್ಯಾಮರಾ, ಪರದೆಯ ಬೆಳಕಿನ ಗುಂಡಿ, ಮುದ್ರಕ ಇವನ್ನೆಲ್ಲ ಪರೀಕ್ಷಿಸಿ. ಮುಚ್ಚಳ ಮುಚ್ಚಿ ತೆಗೆದಾಗ ಯಂತ್ರ ಎಚ್ಚರಗೊಳ್ಳುತ್ತದೆಯೇ ಎಂದೂ ನೋಡಿ. ಹಳೆಯ ಯಂತ್ರ ಕೊಳ್ಳಲು ಹೋಗುವವರು ಈ ಪೆನ್ ಡ್ರೈವನ್ನು ಕಿಸೆಯಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಬೇಕು. ವಿಂಡೋಸನ್ನೂ ಉಳಿಸಿಕೊಳ್ಳುವವರು ಅದರ 'ಫಾಸ್ಟ್ ಸ್ಟಾರ್ಟಪ್' ಆರಿಸಿ, ಬಿಟ್‌ಲಾಕರ್ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟು, ಕಡತಗಳನ್ನು ಬೇರೆಡೆ ನಕಲು ಮಾಡಿಕೊಂಡ ಮೇಲಷ್ಟೇ ಮುಂದುವರಿಯುವುದು ಕ್ಷೇಮ.

ಕನ್ನಡದ ಮಟ್ಟಿಗೆ ಇಂದು ಚಿಂತೆಯಿಲ್ಲ. ಕನ್ನಡ ಗಣಕ ಪರಿಷತ್ತಿನ 'ಕಗಪ' ಕೀಲಿಮಣೆ ವಿನ್ಯಾಸ ಲಿನಕ್ಸ್‌ನ ಪಟ್ಟಿಯಲ್ಲೇ ಇದೆ, ಇನ್‌ಸ್ಕ್ರಿಪ್ಟ್ ಕೂಡ ಇದೆ. ಅರವಿಂದ ವಿ.ಕೆ. ರೂಪಿಸಿದ ಗುಬ್ಬಿ, ನವಿಲು ಅಕ್ಷರಶೈಲಿಗಳು ಡೆಬಿಯನ್, ಉಬುಂಟುಗಳ ಭಂಡಾರದಿಂದ ನೇರ ಸಿಗುತ್ತವೆ. ತೊಂದರೆ ಕೊಡುವುದು ಹಳೆಯ ಕಡತಗಳು. ಯೂನಿಕೋಡ್‌ಗೆ ಮುನ್ನ ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಟೈಪಿಸಿದ ಪತ್ರಗಳು ಲಿಬ್ರೆಆಫೀಸ್‌ನಲ್ಲಿ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಪರಿವರ್ತಕ ತಂತ್ರಾಂಶಗಳು ಮುಕ್ತವಾಗಿ ಲಭ್ಯವಿವೆ. ವ್ಯವಸ್ಥೆ ಬದಲಿಸುವ ಮುನ್ನವೇ ಆ ಕೆಲಸ ಮುಗಿಸಬೇಕು.

ಕಾಸರಗೋಡಿನ ಕನ್ನಡ ಮಕ್ಕಳು

ಹೇಗೆ ಜನರನ್ನು ಒಪ್ಪಿಸುವುದು? ಉತ್ತರ ಹುಡುಕಲು ಗಡಿಯಾಚೆ ನೋಡಬೇಕು. ಕೇರಳ ಸರ್ಕಾರ 2001ರಲ್ಲಿ ಐಟಿ@ಸ್ಕೂಲ್ ಯೋಜನೆ ಆರಂಭಿಸಿ ಆ ದಶಕದೊಳಗೇ ಶಾಲೆಗಳನ್ನು ಸಂಪೂರ್ಣವಾಗಿ ಗ್ನು/ಲಿನಕ್ಸ್‌ಗೆ ಒಯ್ದಿತು. 2017ರಲ್ಲಿ ಈ ಯೋಜನೆ 'ಕೈಟ್' ಎಂಬ ಸರ್ಕಾರಿ ಸಂಸ್ಥೆಯಾಯಿತು. ಉಬುಂಟು ಆಧರಿಸಿ ತನ್ನದೇ ಆವೃತ್ತಿಯನ್ನು ಅದು ಹೊರತರುತ್ತದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಇದೇ ವ್ಯವಸ್ಥೆಯಲ್ಲಿ, ಕನ್ನಡದ ಪಠ್ಯಪುಸ್ತಕದೊಡನೆ ಗಣಕ ಕಲಿಯುತ್ತಾರೆ. ಲಿನಕ್ಸ್ ಅವರಿಗೆ ಪರ್ಯಾಯವಲ್ಲ, ಗಣಕವೆಂದರೆ ಅದೇ.

ಅಲ್ಲಿ ಕೆಲಸ ಮಾಡಿದ್ದು ಭಾಷಣವಲ್ಲ. ಹತ್ತನೆಯ ತರಗತಿಗೆ ಐಟಿ ಪರೀಕ್ಷೆ ಇತ್ತು, ಅದು ಲಿನಕ್ಸ್‌ನಲ್ಲೇ ನಡೆಯಿತು. ಹೊರಗಿನ ಗುತ್ತಿಗೆದಾರರ ಬದಲು ಶಾಲೆಯ ಶಿಕ್ಷಕರನ್ನೇ ತರಬೇತುಗೊಳಿಸಿ ಅವರಲ್ಲಿ ಕೆಲವರನ್ನು ಮುಖ್ಯ ತರಬೇತುದಾರರನ್ನಾಗಿ ಮಾಡಿದರು. ಅನಂತರ 45 ಸಾವಿರ ತರಗತಿಗಳಿಗೆ ಲ್ಯಾಪ್‌ಟಾಪ್, ಪ್ರೊಜೆಕ್ಟರ್ ಕೊಡುವಾಗ ಐದು ವರ್ಷದ ಖಾತರಿಯನ್ನು ಪೂರೈಕೆದಾರರಿಂದ ಪಡೆದರು. ಒಟ್ಟಾಗಿ ಕೊಳ್ಳುವವನು ಷರತ್ತು ಹಾಕಬಲ್ಲ. ಒಬ್ಬೊಬ್ಬನೇ ಕೊಳ್ಳುವವನು ಅಂಗಡಿಯವನು ಕೊಟ್ಟದ್ದನ್ನು ಹೊತ್ತು ತರುತ್ತಾನೆ.

ಕರ್ನಾಟಕದಲ್ಲೂ ಪ್ರಯತ್ನಗಳಾದವು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ರಾಜ್ಯ ಶಿಕ್ಷಣ ಇಲಾಖೆಯೊಡನೆ 2011ರಿಂದ ವಿಷಯ ಶಿಕ್ಷಕರ ವೇದಿಕೆ ನಡೆಸಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಕಲಿಸಿತು. ಗಣಿತದವರಿಗೆ ಜಿಯೋಜೀಬ್ರಾ ತೋರಿಸಿದರೆ ಸಾಕು, ಅದು ಯಾವ ವ್ಯವಸ್ಥೆಯಲ್ಲಿದೆ ಎಂದು ಅವರು ಕೇಳುವುದಿಲ್ಲ. ಬೆಂಗಳೂರಿನ ಗುರಪ್ಪನಪಾಳ್ಯದ ಕೊಳೆಗೇರಿಯೊಂದರಲ್ಲಿ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದ ಸ್ವಯಂಸೇವಕರು ದಾನವಾಗಿ ಬಂದ ಹಳೆಯ ಗಣಕಗಳನ್ನಿಟ್ಟು ಅಂಬೇಡ್ಕರ್ ಸಮುದಾಯ ಗಣಕ ಕೇಂದ್ರ ಕಟ್ಟಿದರು. ಅಲ್ಲಿನ ಮಕ್ಕಳು ಗಿಂಪ್‌ನಲ್ಲಿ ಚಿತ್ರ ಬರೆಯಲು ಕಲಿತರು. ಕೇಂದ್ರ ಸರ್ಕಾರವೂ ತನ್ನ ಕಚೇರಿಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಆದ್ಯತೆ ನೀಡುವ ನೀತಿಯನ್ನು 2015ರ ಮಾರ್ಚಿನಲ್ಲಿ ಪ್ರಕಟಿಸಿತು.

ಎಲ್ಲರಿಗೂ ಲಿನಕ್ಸ್ ಹಾಕಿಸಬೇಕೆಂಬ ಹಟ ಬೇಡ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರ ಯಂತ್ರವನ್ನು ಮುಟ್ಟಬಾರದು. ಆಧಾರ್ ಬೆರಳಗುರುತು ಸಾಧನ, ಡಿಜಿಟಲ್ ಸಹಿಯ ಟೋಕನ್ ಬಳಸುವ ಸೇವಾ ಕೇಂದ್ರಗಳಲ್ಲಿ ಚಾಲಕಗಳು ಬಹುಪಾಲು ವಿಂಡೋಸ್ ಇಲ್ಲವೇ ಆಂಡ್ರಾಯ್ಡ್‌ಗೆ ಬರೆದವು. ತಯಾರಕರಿಂದ ಖಚಿತಪಡಿಸಿಕೊಳ್ಳದೆ ಬದಲಿಸಿದರೆ ಪಿಂಚಣಿಗೆ ಬಂದ ಅಜ್ಜಿ ಹಿಂದಿರುಗಿ ಹೋಗಬೇಕಾದೀತು. ಅಂಥ ಒಂದು ಯಂತ್ರವನ್ನು ವಿಂಡೋಸ್ 11ರಲ್ಲಿಟ್ಟು ಉಳಿದ ಐದನ್ನು ಲಿನಕ್ಸ್‌ಗೆ ಒಯ್ದರೂ ಲಾಭವೇ.

ಮನೆ ಮಂದಿಯನ್ನು ಒಪ್ಪಿಸುವವರು ವ್ಯವಸ್ಥೆಯಿಂದ ಆರಂಭಿಸದೆ ತಂತ್ರಾಂಶದಿಂದ ಆರಂಭಿಸಬೇಕು. ವಿಂಡೋಸ್ ಇರುವಾಗಲೇ ಫೈರ್‌ಫಾಕ್ಸ್, ಲಿಬ್ರೆಆಫೀಸ್, ವಿಎಲ್‌ಸಿ ರೂಢಿಯಾಗಿದ್ದರೆ ಮುಂದೊಂದು ದಿನ ಹಿನ್ನೆಲೆ ಬದಲಾದದ್ದು ಗೊತ್ತಾಗುವುದೇ ಇಲ್ಲ. ಊರಿನ ಗಣಕ ದುರಸ್ತಿಯ ಅಂಗಡಿಯವರನ್ನು ಜೊತೆಗೆ ಸೇರಿಸಿಕೊಳ್ಳುವುದು ಎಲ್ಲಕ್ಕಿಂತ ಮುಖ್ಯ. ಅವರಿಗೆ ಲಿನಕ್ಸ್ ಬಾರದಿದ್ದರೆ ಮೊದಲ ತೊಂದರೆಗೇ ಅದನ್ನು ಅಳಿಸಿ ಹಾಕುತ್ತಾರೆ, ಅದು ಅವರ ತಪ್ಪೂ ಅಲ್ಲ. ಹಾಕಿಕೊಟ್ಟದ್ದಕ್ಕೆ ಅವರು ಕೂಲಿ ಪಡೆಯಲಿ. ತಂತ್ರಾಂಶ ಮುಕ್ತವಾದರೂ ದುಡಿಮೆ ಬಿಟ್ಟಿಯಲ್ಲ.

ಶಾಲೆ, ಗ್ರಂಥಾಲಯಗಳವರು ಮೊದಲು ಒಂದೇ ಯಂತ್ರಕ್ಕೆ ಹಾಕಿ ಒಂದು ತಿಂಗಳು ನೋಡಲಿ. 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04 ಹಾಗೂ ಅದನ್ನು ಆಧರಿಸಿದ ಲಿನಕ್ಸ್ ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ. ಸಂಪರ್ಕ ನಿಧಾನವಿರುವ ಕಡೆ ಒಂದು ಗಣಕ ಇಳಿಸಿಕೊಂಡ ಪರಿಷ್ಕರಣೆಗಳನ್ನು ಉಳಿದವಕ್ಕೆ ಹಂಚುವ 'ಆಪ್ಟ್ ಕ್ಯಾಷರ್' ಎಂಬ ತಂತ್ರಾಂಶವನ್ನು ಹಾಕಿಸಿಕೊಂಡರೆ ಹತ್ತು ಯಂತ್ರಗಳಿಗೆ ಹತ್ತು ಸಲ ಇಳಿಸುವುದು ತಪ್ಪುತ್ತದೆ. ಮಳೆಗಾಲಕ್ಕೆ ಮುನ್ನ, ಮೇ ತಿಂಗಳ ರಜೆಯಲ್ಲಿ ಈ ಕೆಲಸಕ್ಕೆ ಕೈಹಾಕುವುದು ಅನುಕೂಲ.